ಹೊವಾರ್ಡ್ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ರಾಜಧಾನಿ ವಾಷಿಂಗ್ಟನ್ ಡಿ.ಸಿ.ಯಲ್ಲಿರುವ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಓದಿದವರ ಬಗ್ಗೆ ಕನ್ನಡದಲ್ಲಿ ಲೇಖನ ಬರೆಯುವವರು, ಪಾಠ ಮಾಡುವವರು, ಅನುವಾದಕರು, ಕ್ವಿಜ್ ನಡೆಸುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇವೆ. ಕಾನೂನು ಕಾಲೇಜಿನ ಭಾಗ ಉದ್ದವಾಗಿದೆ. ಆ ಒಂದು ಕಾಲೇಜಿನಿಂದ ಹೊರಬಂದವರು ಒಂದು ದೇಶದ ಕಾನೂನನ್ನೇ ಬದಲಿಸಿದ್ದರಿಂದ ಅದನ್ನು ಚುಟುಕಾಗಿ ಮುಗಿಸಲು ಬರುವುದಿಲ್ಲ.

ಹೊವಾರ್ಡ್ ಎಂದರೆ ಹಾರ್ವರ್ಡ್ ತಾನೇ?

ಅಲ್ಲ. ಹಾರ್ವರ್ಡ್ ಇರುವುದು ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ, ಅದು 1636ರಷ್ಟು ಹಳೆಯದು. ಹೊವಾರ್ಡ್ ಶುರುವಾದದ್ದು 1867ರ ಮಾರ್ಚ್ 2ರಂದು. ಅಂತರ್ಯುದ್ಧ ಮುಗಿದ ಮೇಲೆ, ಬಿಡುಗಡೆಯಾದ ಗುಲಾಮರ ನೆರವಿಗೆಂದು ಸರ್ಕಾರ ತೆರೆದಿದ್ದ ಫ್ರೀಡ್‌ಮನ್ಸ್ ಬ್ಯೂರೋದ ಮುಖ್ಯಸ್ಥ ಜನರಲ್ ಆಲಿವರ್ ಓಟಿಸ್ ಹೊವಾರ್ಡ್ ಅವರ ಹೆಸರನ್ನು ಅದಕ್ಕೆ ಇಟ್ಟರು.

ಕನ್ನಡದಲ್ಲಿ ಈ ಗೊಂದಲ ಇಂಗ್ಲಿಷಿಗಿಂತ ಹೆಚ್ಚು. ಕೆಲವರು ‘ಹಾವರ್ಡ್’ ಎಂದು ಬರೆಯುತ್ತಾರೆ. ಅದಕ್ಕೂ ‘ಹಾರ್ವರ್ಡ್’ಗೂ ನಡುವೆ ಇರುವುದು ಒಂದೇ ಒಂದು ಅರ್ಕಾವೊತ್ತು. ಕರಡು ತಿದ್ದುವವರು ಅದನ್ನು ಅಚ್ಚಿನ ತಪ್ಪೆಂದು ತಿಳಿದು ‘ಸರಿಪಡಿಸಿ’ಬಿಡುತ್ತಾರೆ, ಅಲ್ಲಿಗೆ ವಾಕ್ಯದ ಅರ್ಥವೇ ತಿರುಗುಮುರುಗಾಗುತ್ತದೆ. ಕಾನೂನು ವಿದ್ಯಾರ್ಥಿನಿ ಪಾಲಿ ಮರ್ರಿ ಹೊವಾರ್ಡ್‌ನಲ್ಲಿ ತರಗತಿಗೇ ಮೊದಲಿಗರಾಗಿ ಪಾಸಾದರು, ಆದರೆ ಹೆಣ್ಣೆಂಬ ಕಾರಣಕ್ಕೆ ಹಾರ್ವರ್ಡ್ ಅವರನ್ನು ಸೇರಿಸಿಕೊಳ್ಳಲಿಲ್ಲ. ಈ ಒಂದು ವಾಕ್ಯದಲ್ಲಿ ಅರ್ಕಾವೊತ್ತು ಜಾರಿದರೆ ಏನಾಗುತ್ತದೆ, ನೋಡಿ. ಆದ್ದರಿಂದ ‘ಹೊವಾರ್ಡ್’ ಎಂದು ಒಕಾರದಿಂದಲೇ ಬರೆಯುವುದು ಕ್ಷೇಮ. ಎರಡೂ ಹೆಸರು ಬರುವ ಬರಹದಲ್ಲಿ ಮೊದಲ ಸಲ ಊರಿನ ಹೆಸರನ್ನೂ ಜೊತೆಗಿಡಿ.

‘ಐತಿಹಾಸಿಕ ಕಪ್ಪು ವಿಶ್ವವಿದ್ಯಾಲಯ’ ಅಂದರೇನು? ಬೇರೆಯವರಿಗೆ ಪ್ರವೇಶ ಇಲ್ಲವೇ?

ಇದು ಅಮೆರಿಕದ 1965ರ ಉನ್ನತ ಶಿಕ್ಷಣ ಕಾಯ್ದೆಯಲ್ಲಿರುವ ಹೆಸರು. 1964ಕ್ಕೂ ಮೊದಲು, ಮುಖ್ಯವಾಗಿ ಕಪ್ಪು ಅಮೆರಿಕನ್ನರ ಶಿಕ್ಷಣಕ್ಕೆಂದು ಸ್ಥಾಪನೆಯಾಗಿ, ಮಾನ್ಯತೆ ಪಡೆದ ಸಂಸ್ಥೆಗಳು ಇದರಡಿ ಬರುತ್ತವೆ. ಇಂದು ಅಂಥವು ಸುಮಾರು ನೂರಿವೆ. ಪೆನ್ಸಿಲ್ವೇನಿಯಾದ ಚೇನಿ 1837ರದು, ಎಲ್ಲಕ್ಕಿಂತ ಹಳೆಯದು. ಬಿಳಿಯರ ಕಾಲೇಜುಗಳ ಬಾಗಿಲು ಮುಚ್ಚಿದ್ದರಿಂದ ಇವು ಹುಟ್ಟಿದವು. ಹೊವಾರ್ಡ್ ಶುರುವಿನಿಂದಲೂ ಹೆಣ್ಣು-ಗಂಡು ಎನ್ನದೆ, ಬಣ್ಣ ನೋಡದೆ ಎಲ್ಲರನ್ನೂ ಸೇರಿಸಿಕೊಂಡಿದೆ. ಭಾರತದ ವಿದ್ಯಾರ್ಥಿಗಳೂ ಅರ್ಜಿ ಹಾಕಬಹುದು. ಪ್ರವೇಶ ಸಿಕ್ಕ ಮೇಲೆ ಐ-20 ಪತ್ರ, ಅದರ ಆಧಾರದ ಮೇಲೆ ಎಫ್-1 ವೀಸಾ: ಬೇರೆ ಅಮೆರಿಕನ್ ವಿಶ್ವವಿದ್ಯಾಲಯಗಳ ಕ್ರಮವೇ ಇಲ್ಲಿಯೂ.

‘ಹಳೆಯ ವಿದ್ಯಾರ್ಥಿ’ ಎಂದು ಯಾರನ್ನು ಕರೆಯಬಹುದು?

ಒಂದು ಹೆಸರು ಹೊವಾರ್ಡ್‌ಗೆ ನಾಲ್ಕು ಬಗೆಯಲ್ಲಿ ಅಂಟಿಕೊಂಡಿರಬಹುದು. ಪದವಿ ಪಡೆದವರು ಒಂದು ಬಗೆ. ಸೇರಿ, ಓದಿ, ಪದವಿ ಮುಗಿಸದೆ ಬಿಟ್ಟವರು ಇನ್ನೊಂದು ಬಗೆ: ಕವಿ ಅಮಿರಿ ಬರಾಕಾ, ಪತ್ರಕರ್ತ ಟಾ-ನೆಹಸಿ ಕೋಟ್ಸ್, ಗಾಯಕ ಡಾನಿ ಹ್ಯಾಥವೇ ಇಂಥವರು. ಇವರನ್ನೂ ಹಳೆಯ ವಿದ್ಯಾರ್ಥಿಗಳೆಂದು ಕರೆಯುವುದು ಅಲ್ಲಿನ ರೂಢಿ. ಆದರೆ ‘ಪದವೀಧರ’ ಎಂದು ಬರೆದರೆ ತಪ್ಪು. ಕನ್ನಡದಲ್ಲಿ ‘ಹೊವಾರ್ಡ್‌ನಲ್ಲಿ ಓದಿದರು’ ಎಂದರೆ ಸಾಕು, ಸತ್ಯಕ್ಕೆ ಚ್ಯುತಿ ಬಾರದು.

ಮೂರನೆಯವರು ಅಲ್ಲಿ ಪಾಠ ಮಾಡಿದವರು. ನಾಲ್ಕನೆಯವರು ಗೌರವ ಡಾಕ್ಟರೇಟ್ ಪಡೆದವರು. ಈ ಇಬ್ಬರೂ ಹಳೆಯ ವಿದ್ಯಾರ್ಥಿಗಳಲ್ಲ. ಬರಾಕ್ ಒಬಾಮ 2016ರ ಘಟಿಕೋತ್ಸವದಲ್ಲಿ ಭಾಷಣ ಮಾಡಿ ಗೌರವ ಪದವಿ ಪಡೆದರು. ಗೌನು ತೊಟ್ಟ ಆ ಫೋಟೊ ನೋಡಿ ಅವರು ಅಲ್ಲಿ ಓದಿದವರೆಂದು ಬರೆದುಬಿಡುವವರಿದ್ದಾರೆ.

ಪಟ್ಟಿಗಳಲ್ಲಿ ತಪ್ಪಾಗಿ ನುಸುಳುವ ಹೆಸರುಗಳು ಯಾವುವು?

ಮೊದಲಿಗೆ ಚಾರ್ಲ್ಸ್ ಡ್ರೂ. ರಕ್ತದ ಪ್ಲಾಸ್ಮಾವನ್ನು ದೊಡ್ಡ ಪ್ರಮಾಣದಲ್ಲಿ ಸಂಗ್ರಹಿಸಿ ಕಾಪಾಡುವ ವ್ಯವಸ್ಥೆ ಕಟ್ಟಿದ ಶಸ್ತ್ರವೈದ್ಯ. ಅವರು ಓದಿದ್ದು ಆಮ್‌ಹರ್ಸ್ಟ್‌ನಲ್ಲಿ, ಕೆನಡಾದ ಮೆಗಿಲ್‌ನಲ್ಲಿ, ಕೊಲಂಬಿಯಾದಲ್ಲಿ. ಹೊವಾರ್ಡ್‌ನಲ್ಲಿ ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥರಾಗಿ ಒಂದು ತಲೆಮಾರಿನ ಸರ್ಜನ್ನರನ್ನು ತಯಾರು ಮಾಡಿದರು. ಅವರ ಸಾವಿನ ಕುರಿತೂ ಒಂದು ಸುಳ್ಳು ಓಡಾಡುತ್ತದೆ: 1950ರ ಏಪ್ರಿಲ್ 1ರ ಕಾರು ಅಪಘಾತದ ನಂತರ ಬಿಳಿಯರ ಆಸ್ಪತ್ರೆ ರಕ್ತ ಕೊಡದೆ ವಾಪಸ್ ಕಳಿಸಿತು ಎಂದು. ಅದು ನಡೆದಿಲ್ಲ. ಹತ್ತಿರದ ಆಸ್ಪತ್ರೆಯ ವೈದ್ಯರು ಚಿಕಿತ್ಸೆ ಕೊಟ್ಟರು, ಗಾಯ ತೀವ್ರವಾಗಿತ್ತು, ಉಳಿಯಲಿಲ್ಲ. ಜೊತೆಗೆ ಪ್ರಯಾಣಿಸುತ್ತಿದ್ದ ವೈದ್ಯರೇ ಇದನ್ನು ಹೇಳಿದ್ದಾರೆ. ಆ ಕಾಲದಲ್ಲಿ ಬೇರೆ ಎಷ್ಟೋ ಕಪ್ಪು ರೋಗಿಗಳಿಗೆ ಹಾಗೆ ಆದದ್ದುಂಟು, ಅದಕ್ಕೇ ಈ ಕಥೆ ನಿಂತಿತು.

ರಾಲ್ಫ್ ಬಂಚ್ ಕೂಡ ಅಧ್ಯಾಪಕರು. 1950ರ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಇವರು ಹೊವಾರ್ಡ್‌ನಲ್ಲಿ ರಾಜ್ಯಶಾಸ್ತ್ರ ವಿಭಾಗ ಕಟ್ಟಿದರು. ಮಾರ್ಟಿನ್ ಲೂಥರ್ ಕಿಂಗ್ ಓದಿದ್ದು ಅಟ್ಲಾಂಟಾದ ಮೋರ್‌ಹೌಸ್ ಕಾಲೇಜಿನಲ್ಲಿ (1948). ಡಬ್ಲ್ಯು.ಇ.ಬಿ. ಡುಬಾಯ್ಸ್ ಫಿಸ್ಕ್‌ನವರು, ಬೂಕರ್ ಟಿ. ವಾಷಿಂಗ್ಟನ್ ಹ್ಯಾಂಪ್ಟನ್‌ನವರು. ನಾಸಾದ ಗಣಿತಜ್ಞೆ ಕ್ಯಾಥರಿನ್ ಜಾನ್ಸನ್ ವೆಸ್ಟ್ ವರ್ಜೀನಿಯಾ ಸ್ಟೇಟ್‌ನವರು. ಇವೆಲ್ಲವೂ ಕಪ್ಪು ಸಂಸ್ಥೆಗಳೇ, ಆದರೆ ಬೇರೆ ಬೇರೆ. ಘಾನಾದ ಕ್ವಾಮೆ ಎನ್‌ಕ್ರುಮಾ ಲಿಂಕನ್ ವಿಶ್ವವಿದ್ಯಾಲಯದವರು. ನೈಜೀರಿಯಾದ ಮೊದಲ ಅಧ್ಯಕ್ಷ ಎನ್‌ನಾಮ್ಡಿ ಅಜಿಕಿವೆ ಹೊವಾರ್ಡ್‌ನಲ್ಲಿ ಓದಿ, ಆಮೇಲೆ ಲಿಂಕನ್‌ಗೆ ಹೋಗಿ ಅಲ್ಲಿ ಪದವಿ ಪಡೆದರು.

ಒಬ್ಬರ ಬಗ್ಗೆ ಮಾತ್ರ ಹೇಳಬೇಕಾದರೆ ಯಾರ ಬಗ್ಗೆ?

ಥರ್ಗುಡ್ ಮಾರ್ಷಲ್. ಆದರೆ ಅವರ ಕಥೆಯನ್ನು ಅವರ ಗುರು ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್ ಅವರಿಂದಲೇ ಶುರು ಮಾಡಬೇಕು.

ಹೊವಾರ್ಡ್ ಕಾನೂನು ಕಾಲೇಜು 1869ರಿಂದ ಇತ್ತು. 1872ರಲ್ಲಿ ಅಲ್ಲಿಂದ ಪಾಸಾದ ಷಾರ್ಲಟ್ ರೇ ಅಮೆರಿಕದ ಮೊದಲ ಕಪ್ಪು ವಕೀಲೆ. ಆದರೂ 1920ರ ದಶಕದ ಹೊತ್ತಿಗೆ ಅದು ಹಗಲು ಕೆಲಸ ಮಾಡುವವರು ಸಂಜೆ ಬಂದು ಓದುವ ರಾತ್ರಿ ಕಾಲೇಜಾಗಿತ್ತು, ವಕೀಲರ ಸಂಘದ ಮಾನ್ಯತೆ ಇರಲಿಲ್ಲ. ಹಾರ್ವರ್ಡ್‌ನಲ್ಲಿ (ಅರ್ಕಾವೊತ್ತು ಇರುವ ಹಾರ್ವರ್ಡ್) ಕಾನೂನು ಓದಿದ್ದ ಹ್ಯೂಸ್ಟನ್ 1929ರಲ್ಲಿ ಇದರ ಹೊಣೆ ಹೊತ್ತು ರಾತ್ರಿ ತರಗತಿಗಳನ್ನು ಮುಚ್ಚಿಸಿದರು. ಹೊಟ್ಟೆಪಾಡಿಗೆ ದುಡಿಯುತ್ತ ಓದುತ್ತಿದ್ದವರಿಗೆ ಇದರಿಂದ ಬಾಗಿಲು ಮುಚ್ಚಿದಂತಾಯಿತು, ವಿರೋಧವೂ ಜೋರಾಗಿ ಬಂತು. ಹ್ಯೂಸ್ಟನ್ ಜಗ್ಗಲಿಲ್ಲ. 1931ರಲ್ಲಿ ಮಾನ್ಯತೆ ಸಿಕ್ಕಿತು. ವಕೀಲ ಎಂದರೆ ಸಮಾಜದ ಎಂಜಿನಿಯರ್, ಹಾಗಾಗದಿದ್ದರೆ ಸಮಾಜದ ಮೇಲಿನ ಪರಾವಲಂಬಿ ಜೀವಿ ಎಂಬುದು ಅವರು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದ ಮಾತು.

ಮಾರ್ಷಲ್ ಹುಟ್ಟಿದ್ದು 1908ರಲ್ಲಿ, ಬಾಲ್ಟಿಮೋರ್‌ನಲ್ಲಿ. ಊರಲ್ಲೇ ಇದ್ದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಕಾನೂನು ಕಾಲೇಜಿಗೆ ಕಪ್ಪು ಜನರಿಗೆ ಪ್ರವೇಶವಿರಲಿಲ್ಲ. ಹಾಗಾಗಿ ಸುಮಾರು 65 ಕಿಲೋಮೀಟರ್ ದೂರದ ವಾಷಿಂಗ್ಟನ್‌ಗೆ ರೈಲಿನಲ್ಲಿ ದಿನಾ ಓಡಾಟ. ಫೀಸು ಹೊಂದಿಸಲು ಶಾಲಾ ಶಿಕ್ಷಕಿಯಾಗಿದ್ದ ತಾಯಿ ನಾರ್ಮಾ ತಮ್ಮ ಮದುವೆಯ ಉಂಗುರವನ್ನೂ ನಿಶ್ಚಿತಾರ್ಥದ ಉಂಗುರವನ್ನೂ ಗಿರವಿ ಇಟ್ಟರು. 1933ರಲ್ಲಿ ಮಾರ್ಷಲ್ ಮೊದಲ ಸ್ಥಾನ, ಗೆಳೆಯ ಆಲಿವರ್ ಹಿಲ್ ಎರಡನೆಯ ಸ್ಥಾನ. ಮಾರ್ಷಲ್ ಸುಪ್ರೀಂ ಕೋರ್ಟಿನಲ್ಲಿ ವಾದಿಸಿದ 32 ಪ್ರಕರಣಗಳಲ್ಲಿ 29 ಗೆದ್ದರು. 1967ರಲ್ಲಿ ಅದೇ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿಯಾಗಿ 1991ರವರೆಗೆ ಕುಳಿತರು.

ಶಾಲೆಗಳಲ್ಲಿನ ವರ್ಣ ಪ್ರತ್ಯೇಕತೆಯನ್ನು ಇವರು ಕೆಡವಿದ್ದು ಹೇಗೆ? ಒಂದೇ ಕೇಸಿನಲ್ಲಿ ಗೆದ್ದರೇ?

ಇಲ್ಲ, ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ‘ಬೇರೆ ಬೇರೆ ಇದ್ದರೂ ಸಮಾನವಾಗಿದ್ದರೆ ಸಾಕು’ ಎಂದು 1896ರಲ್ಲಿ ಸುಪ್ರೀಂ ಕೋರ್ಟು ಪ್ಲೆಸಿ ಪ್ರಕರಣದಲ್ಲಿ ಹೇಳಿಬಿಟ್ಟಿತ್ತು. ಹ್ಯೂಸ್ಟನ್ ಯೋಜನೆ ಹೀಗಿತ್ತು: ಮೊದಲು ಆ ‘ಸಮಾನ’ ಎಂಬ ಮಾತನ್ನೇ ಹಿಡಿದು ಸರ್ಕಾರಗಳನ್ನು ಲೆಕ್ಕ ಕೇಳುವುದು. ಪ್ರಾಥಮಿಕ ಶಾಲೆಗಳಿಂದಲ್ಲ, ಕಾನೂನು ಕಾಲೇಜುಗಳಿಂದ. ಅಲ್ಲಿ ವಿದ್ಯಾರ್ಥಿಗಳು ಕಡಿಮೆ, ವಯಸ್ಕರು, ಆದ್ದರಿಂದ ಬಿಳಿಯ ತಂದೆತಾಯಂದಿರ ರೊಚ್ಚು ಕಡಿಮೆ. ಮೇಲಾಗಿ ಒಳ್ಳೆಯ ಕಾನೂನು ಕಾಲೇಜು ಎಂದರೆ ಏನೆಂದು ನ್ಯಾಯಾಧೀಶರಿಗೆ ಯಾರೂ ವಿವರಿಸಬೇಕಿಲ್ಲ.

ಮೊದಲ ಏಟು ಬಿದ್ದದ್ದು ಮೇರಿಲ್ಯಾಂಡ್‌ಗೇ. 1935ರಲ್ಲಿ ಹ್ಯೂಸ್ಟನ್, ಮಾರ್ಷಲ್ ಸೇರಿ ಡೊನಾಲ್ಡ್ ಮರ್ರಿ ಎಂಬ ಯುವಕನ ಪರ ವಾದಿಸಿ ಅದೇ ಕಾಲೇಜಿನ ಬಾಗಿಲು ತೆರೆಸಿದರು. ರಾಜ್ಯದಲ್ಲಿ ಕಪ್ಪು ಜನರಿಗೆ ಬೇರೆ ಕಾನೂನು ಕಾಲೇಜೇ ಇಲ್ಲದಿರುವಾಗ ‘ಬೇರೆ, ಆದರೆ ಸಮಾನ’ ಎನ್ನುವುದೆಲ್ಲಿ? 1938ರ ಗೇನ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಉಪಾಯಕ್ಕೆ ತಡೆ ಹಾಕಿತು: ಹಣ ಕೊಟ್ಟು ಪಕ್ಕದ ರಾಜ್ಯಕ್ಕೆ ಓದಲು ಕಳಿಸಿದರೆ ನಡೆಯದು, ತನ್ನ ಗಡಿಯೊಳಗೇ ಅವಕಾಶ ಕೊಡಬೇಕು.

ಆಗ ಟೆಕ್ಸಸ್ ರಾಜ್ಯ ತರಾತುರಿಯಲ್ಲಿ ಕಪ್ಪು ಜನರಿಗೊಂದು ಪ್ರತ್ಯೇಕ ಕಾನೂನು ಕಾಲೇಜು ಎಬ್ಬಿಸಿತು. 1950ರ ಸ್ವೆಟ್ ತೀರ್ಪಿನಲ್ಲಿ ಕೋರ್ಟು ಅದನ್ನು ಒಪ್ಪಲಿಲ್ಲ. ಪುಸ್ತಕ, ಕೊಠಡಿಗಳ ಎಣಿಕೆಯಾಚೆಗೆ ಅಳತೆಗೆ ಸಿಗದ ಗುಣಗಳೂ ಕಾಲೇಜಿಗಿರುತ್ತವೆ ಎಂದು ಹೇಳಿ, ಅಧ್ಯಾಪಕರ ಹೆಸರು, ಆಡಳಿತದ ಅನುಭವ ಇತ್ಯಾದಿಗಳ ಜೊತೆಗೆ ಹಳೆಯ ವಿದ್ಯಾರ್ಥಿಗಳ ಸ್ಥಾನಮಾನ, ಪ್ರಭಾವವನ್ನೂ ಹೆಸರಿಸಿ ಪಟ್ಟಿ ಮಾಡಿತು. ಹಳೆಯ ವಿದ್ಯಾರ್ಥಿಗಳ ಪಟ್ಟಿ ಯಾಕೆ ಬೇಕು ಎಂದು ಕೇಳುವವರಿಗೆ ನಮ್ಮ ಉತ್ತರ ಈ ತೀರ್ಪಿನಲ್ಲಿದೆ. ಕಾಲೇಜಿನಿಂದ ಹೊರಹೋದವರು ಆ ಕಾಲೇಜಿನ ಆಸ್ತಿ ಎಂಬುದನ್ನು ಕೋರ್ಟಿನ ಬಾಯಲ್ಲಿ ಹೇಳಿಸಿದವರೂ ಒಂದು ಕಾಲೇಜಿನ ಹಳೆಯ ವಿದ್ಯಾರ್ಥಿಗಳೇ. ಅದೇ ದಿನ ಬಂದ ಮೆಕ್‌ಲಾರಿನ್ ತೀರ್ಪು ಒಕ್ಲಹೋಮದ್ದು. ಅಲ್ಲಿ ಕಪ್ಪು ವಿದ್ಯಾರ್ಥಿಯನ್ನು ಸೇರಿಸಿಕೊಂಡಿದ್ದರು, ಆದರೆ ತರಗತಿಯ ಪಕ್ಕದ ಚಿಕ್ಕ ಕೋಣೆಯಲ್ಲಿ ಕೂರಿಸುತ್ತಿದ್ದರು. ಕ್ಯಾಂಟೀನಿನಲ್ಲೂ ಲೈಬ್ರರಿಯಲ್ಲೂ ಬೇರೆ ಮೇಜು. ಪಂಕ್ತಿಭೇದ ಕಂಡವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಅದನ್ನೂ ಕೋರ್ಟು ತಳ್ಳಿಹಾಕಿತು.

ಕೊನೆಯ ಹೆಜ್ಜೆ ಶಾಲೆಗಳಲ್ಲಿನ ವರ್ಣ ಪ್ರತ್ಯೇಕತೆಯನ್ನೇ ತಳ್ಳಿಹಾಕಿದ 1954ರ ಮೇ 17ರ ಬ್ರೌನ್ ತೀರ್ಪು, ಒಂಬತ್ತಕ್ಕೆ ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತ. ‘ಬ್ರೌನ್’ ಎಂಬ ಒಂದೇ ಹೆಸರಿನಡಿ ನೆನಪಿಡುವ ಇದರೊಳಗೆ ಐದು ಊರುಗಳ ಪ್ರಕರಣಗಳಿದ್ದವು. ಕಾನ್ಸಾಸ್ ಪ್ರಕರಣ ವಾದಿಸಿದ ರಾಬರ್ಟ್ ಕಾರ್ಟರ್ ಹೊವಾರ್ಡ್ ಕಾನೂನು ಪದವೀಧರ. ವರ್ಜೀನಿಯಾದ್ದನ್ನು ನಡೆಸಿದ ಆಲಿವರ್ ಹಿಲ್, ಸ್ಪಾಟ್ಸ್‌ವುಡ್ ರಾಬಿನ್ಸನ್ ಇಬ್ಬರೂ ಅಲ್ಲಿಯವರು. ದಕ್ಷಿಣ ಕೆರೊಲಿನಾದ್ದನ್ನು ಮಾರ್ಷಲ್ ವಾದಿಸಿದರು. ಆ ಜಿಲ್ಲೆಯಲ್ಲಿ ಒಂದು ಬಿಳಿ ಮಗುವಿಗೆ ವರ್ಷಕ್ಕೆ 179 ಡಾಲರ್, ಕಪ್ಪು ಮಗುವಿಗೆ 43 ಡಾಲರ್ ಖರ್ಚು ಮಾಡುತ್ತಿದ್ದರು. ವಾಷಿಂಗ್ಟನ್ ನಗರದ ಪ್ರಕರಣದಲ್ಲಿ ಹೊವಾರ್ಡ್ ಪದವೀಧರ ಜಾರ್ಜ್ ಹೇಯ್ಸ್ ಮತ್ತು ಅಲ್ಲಿನ ಪ್ರಾಧ್ಯಾಪಕ ಜೇಮ್ಸ್ ನ್ಯಾಬ್ರಿಟ್. ಡೆಲವೇರ್ ಪ್ರಕರಣದ ವಕೀಲರು ಮಾತ್ರ ಬೇರೆ ಕಡೆ ಓದಿದವರು.

ಇನ್ನೊಂದು ಸಂಗತಿ ಪಠ್ಯಗಳಲ್ಲಿ ಬರುವುದಿಲ್ಲ. ಸುಪ್ರೀಂ ಕೋರ್ಟಿಗೆ ಹೋಗುವ ಮೊದಲು ಈ ವಕೀಲರು ಹೊವಾರ್ಡ್ ಕಾನೂನು ಕಾಲೇಜಿನಲ್ಲಿ ಪೂರ್ವಾಭ್ಯಾಸ ಮಾಡುತ್ತಿದ್ದರು. ಅಧ್ಯಾಪಕರು ನ್ಯಾಯಮೂರ್ತಿಗಳ ಜಾಗದಲ್ಲಿ ಕುಳಿತು ಅಡ್ಡಪ್ರಶ್ನೆ ಹಾಕುವುದು, ವಾದದಲ್ಲಿ ಬಿರುಕು ಕಂಡರೆ ಅಲ್ಲೇ ಹಿಡಿಯುವುದು, ಹಿಂದೆ ಕುಳಿತ ವಿದ್ಯಾರ್ಥಿಗಳೂ ಪ್ರಶ್ನೆ ಕೇಳುವುದು. ನಾಟಕದ ತಾಲೀಮಿನಂತೆ ಪಟ್ಟು ಹಿಡಿದು ನಡೆಸಿದ ಅಭ್ಯಾಸ ಅದು. ಹ್ಯೂಸ್ಟನ್ ಮಾತ್ರ ಇದರ ಫಲ ನೋಡಲಿಲ್ಲ. 1950ರ ಏಪ್ರಿಲ್‌ನಲ್ಲಿ, ಸ್ವೆಟ್ ತೀರ್ಪು ಬರಲು ಒಂದೂವರೆ ತಿಂಗಳಿರುವಾಗ ತೀರಿಕೊಂಡರು.

ಪಾಲಿ ಮರ್ರಿ ಹೆಸರು ಈಚೆಗೆ ಹೆಚ್ಚು ಕೇಳುತ್ತಿದೆ. ಯಾರವರು?

ಹತ್ತು ಡಾಲರ್ ಪಂದ್ಯ ಕಟ್ಟಿ ಗೆದ್ದವರು. 1944ರ ಕಾನೂನು ತರಗತಿಯಲ್ಲಿ ಅವರೊಬ್ಬರೇ ಹೆಣ್ಣು. ‘ಸಮಾನ’ ಎಂಬ ಮಾತಿನ ಸುತ್ತ ಸುತ್ತುವುದು ಸಾಕು, ಪ್ಲೆಸಿ ತೀರ್ಪೇ ತಪ್ಪೆಂದು ನೇರವಾಗಿ ವಾದಿಸಬೇಕು ಎಂದು ತರಗತಿಯಲ್ಲಿ ಹೇಳಿದಾಗ ಸಹಪಾಠಿಗಳು ನಕ್ಕರು. 25 ವರ್ಷದೊಳಗೆ ಪ್ಲೆಸಿ ಬೀಳುತ್ತದೆ ಎಂದು ಮರ್ರಿ ತಮ್ಮ ಪ್ರಾಧ್ಯಾಪಕರಾಗಿದ್ದ ಸ್ಪಾಟ್ಸ್‌ವುಡ್ ರಾಬಿನ್ಸನ್ ಜೊತೆ ಪಂದ್ಯ ಕಟ್ಟಿದರು. ಹತ್ತೇ ವರ್ಷಕ್ಕೆ ಬಿತ್ತು. ಮರ್ರಿ ಆಗ ಬರೆದುಕೊಟ್ಟಿದ್ದ ಪ್ರಬಂಧವನ್ನು ರಾಬಿನ್ಸನ್ ಇಟ್ಟುಕೊಂಡಿದ್ದರು. ಬ್ರೌನ್ ವಾದದ ತಯಾರಿಯಲ್ಲಿ ಅದನ್ನು ತೆಗೆದು ಓದಿದರು. ಈ ವಿಷಯ ಮರ್ರಿಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ರಾಜ್ಯ ರಾಜ್ಯಗಳ ವರ್ಣ ಕಾನೂನುಗಳನ್ನೆಲ್ಲ ಒಟ್ಟುಗೂಡಿಸಿ ಅವರು 1951ರಲ್ಲಿ ಹೊರತಂದ ದಪ್ಪ ಗ್ರಂಥವನ್ನು ಮಾರ್ಷಲ್ ತಮ್ಮ ಬೈಬಲ್ ಎನ್ನುತ್ತಿದ್ದರು. ಗಾಂಧೀಜಿಯ ಸತ್ಯಾಗ್ರಹವನ್ನು ಓದಿ ತಿಳಿದಿದ್ದ ಮರ್ರಿ, 1943 ಮತ್ತು 1944ರಲ್ಲಿ ಹೊವಾರ್ಡ್ ವಿದ್ಯಾರ್ಥಿಗಳು ವಾಷಿಂಗ್ಟನ್‌ನ ಹೋಟೆಲುಗಳಲ್ಲಿ ನಡೆಸಿದ ಧರಣಿಗಳಿಗೆ ಸಲಹೆ ಕೊಟ್ಟವರು. ಊಟ ಕೊಡದಿದ್ದರೂ ಖಾಲಿ ತಟ್ಟೆ ಮುಂದಿಟ್ಟುಕೊಂಡು, ಪುಸ್ತಕ ತೆರೆದು ಸುಮ್ಮನೆ ಓದುತ್ತ ಕೂರುವುದು. ದಕ್ಷಿಣ ರಾಜ್ಯಗಳ ಪ್ರಸಿದ್ಧ ಧರಣಿಗಳು ನಡೆದದ್ದು 1960ರಲ್ಲಿ. 1977ರಲ್ಲಿ ಮರ್ರಿ ಎಪಿಸ್ಕೋಪಲ್ ಚರ್ಚಿನ ಮೊದಲ ಕಪ್ಪು ಮಹಿಳಾ ಪಾದ್ರಿಯಾದರು.

ಗೊಂಬೆ ಪರೀಕ್ಷೆ ಮಾಡಿದವರೂ ಹೊವಾರ್ಡ್‌ನವರೇ? ಅದನ್ನು ಹೇಗೆ ಮಾಡಿದರು?

ಹೌದು. ಕಪ್ಪು ಮಕ್ಕಳು ಬಣ್ಣಕ್ಕೆ ಕೊಡುವ ಬೆಲೆಯನ್ನು ಗೊಂಬೆಗಳ ಮೂಲಕ ಅಳೆದ ಆ ಪರೀಕ್ಷೆ ಮಾಡಿದವರು ಮನಶ್ಶಾಸ್ತ್ರಜ್ಞರಾದ ಮೇಮಿ ಫಿಪ್ಸ್ ಕ್ಲಾರ್ಕ್ (ಬಿ.ಎ. 1938) ಮತ್ತು ಅವರ ಪತಿ ಕೆನೆತ್ ಕ್ಲಾರ್ಕ್ (ಬಿ.ಎ. 1935). ಇದನ್ನು ಕೆನೆತ್ ಅವರ ಸಂಶೋಧನೆ ಎಂದಷ್ಟೇ ಬರೆಯುವುದುಂಟು, ಅದು ಅನ್ಯಾಯ. ಬೀಜ ಇದ್ದದ್ದು ಮೇಮಿ ಹೊವಾರ್ಡ್‌ನಲ್ಲಿ ಬರೆದ ಎಂ.ಎ. ಪ್ರಬಂಧದಲ್ಲಿ. ಶಾಲೆಗೆ ಸೇರುವ ಮುಂಚಿನ ವಯಸ್ಸಿನ ಕಪ್ಪು ಮಕ್ಕಳಿಗೆ ತಮ್ಮ ಬಗ್ಗೆ ಅರಿವು ಮೂಡುವ ಬಗೆ ಅದರ ವಿಷಯ.

ಪರೀಕ್ಷೆಗೆ ಬೇಕಾದದ್ದು ನಾಲ್ಕು ಗೊಂಬೆ. ಒಂದೇ ಅಚ್ಚಿನವು, ಒಂದೇ ಭಂಗಿಯಲ್ಲಿ ಇಟ್ಟವು, ಮೈಮೇಲೆ ಲಂಗೋಟಿ ಬಿಟ್ಟರೆ ಬೇರೆ ಬಟ್ಟೆಯಿಲ್ಲ. ಎರಡಕ್ಕೆ ಕಂದು ಮೈ, ಕಪ್ಪು ಕೂದಲು. ಎರಡಕ್ಕೆ ಬಿಳಿ ಮೈ, ಹಳದಿ ಕೂದಲು. 3ರಿಂದ 7 ವರ್ಷದ 253 ಕಪ್ಪು ಮಕ್ಕಳು: 134 ಮಂದಿ ಆರ್ಕನ್ಸಾದ ಪ್ರತ್ಯೇಕ ಶಾಲೆಗಳವರು, 119 ಮಂದಿ ಮ್ಯಾಸಚೂಸೆಟ್ಸ್‌ನ ಮಿಶ್ರ ಶಾಲೆಗಳವರು. ಪ್ರತಿ ಮಗುವಿಗೂ ಎಂಟು ಮಾತು, ಒಂದಾದ ಮೇಲೊಂದು. ನಿನಗೆ ಆಡಲು ಇಷ್ಟವಾದ ಗೊಂಬೆ ಕೊಡು. ಒಳ್ಳೆಯ ಗೊಂಬೆ ಕೊಡು. ಕೆಟ್ಟದಾಗಿ ಕಾಣುವುದನ್ನು ಕೊಡು. ಚೆಂದದ ಬಣ್ಣದ್ದನ್ನು ಕೊಡು. ಆಮೇಲೆ ಬಿಳಿಯ ಮಗುವಿನಂತಿರುವುದು, ಕಪ್ಪು ಮಗುವಿನಂತಿರುವುದು (ಇದನ್ನು ಅಂದಿನ ಎರಡು ಬೇರೆ ಪದ ಬಳಸಿ ಎರಡು ಸಲ). ಕಟ್ಟಕಡೆಗೆ: ನಿನ್ನ ಹಾಗಿರುವ ಗೊಂಬೆ ಕೊಡು. ಈ ಅನುಕ್ರಮ ಮುಖ್ಯ. ‘ನಿನ್ನ ಹಾಗಿರುವುದು’ ಎಂಬುದನ್ನು ಮೊದಲೇ ಕೇಳಿದರೆ ಮಗು ಆ ಗೊಂಬೆಗೆ ಅಂಟಿಕೊಂಡು ಉಳಿದ ಉತ್ತರಗಳು ವಾಲುತ್ತವೆ.

ಆಡಲು ಬಿಳಿ ಗೊಂಬೆ ಆರಿಸಿದವರು ನೂರಕ್ಕೆ 67. ಕಂದು ಗೊಂಬೆಯೇ ಕೆಟ್ಟದಾಗಿ ಕಾಣುತ್ತದೆ ಎಂದವರು 59. ಬಣ್ಣ ಗುರುತಿಸುವುದರಲ್ಲಿ ಮಾತ್ರ ಮಕ್ಕಳು ತಪ್ಪಲಿಲ್ಲ, ನೂರಕ್ಕೆ 90ಕ್ಕಿಂತ ಹೆಚ್ಚು ಸರಿ. ಅಂದರೆ ಯಾವ ಬಣ್ಣ ಯಾರದು ಎಂದು ಗೊತ್ತು, ಯಾವುದಕ್ಕೆ ಬೆಲೆ ಎಂದೂ ಗೊತ್ತು. ‘ಕೆಟ್ಟದ್ದು’ ಎಂದು ತೋರಿಸಿದ ಗೊಂಬೆಯನ್ನೇ ಕೊನೆಗೆ ‘ನನ್ನ ಹಾಗಿರುವುದು’ ಎಂದು ಎತ್ತಿಕೊಡಬೇಕಾಗಿ ಬಂದಾಗ ಕೆಲವು ಮಕ್ಕಳು ಅತ್ತು ಕೋಣೆಯಿಂದ ಓಡಿಹೋದರು.

ಪಾಠ ಮಾಡುವವರು ಎಡವುವ ಜಾಗ ಇಲ್ಲಿದೆ. ‘ಪ್ರತ್ಯೇಕ ಶಾಲೆಯಿಂದಾಗಿ ಮಕ್ಕಳು ಬಿಳಿ ಗೊಂಬೆ ಆರಿಸಿದರು’ ಎಂದು ಹೇಳಿ ಮುಗಿಸಬೇಡಿ. ಮಿಶ್ರ ಶಾಲೆಯ ಉತ್ತರದ ಮಕ್ಕಳಲ್ಲಿ ಬಿಳಿ ಗೊಂಬೆ ಆರಿಸಿದವರು ನೂರಕ್ಕೆ 72, ದಕ್ಷಿಣದಲ್ಲಿ 62. ಟೀಕಾಕಾರರು ಆಗಲೇ ಇದನ್ನು ಹಿಡಿದರು. ಗೊಂಬೆಗಳು ತೋರಿಸಿದ್ದು ಒಂದು ಶಾಲೆಯ ದೋಷವನ್ನಲ್ಲ, ಮಗು ಬೆಳೆಯುವ ಇಡೀ ಸಮಾಜದ ಕಣ್ಣನ್ನು. ದಕ್ಷಿಣ ಕೆರೊಲಿನಾ ಪ್ರಕರಣಕ್ಕಾಗಿ ಕೆನೆತ್ ಅಲ್ಲಿನ 16 ಮಕ್ಕಳ ಮೇಲೆ ಬೇರೆಯಾಗಿ ಪರೀಕ್ಷೆ ನಡೆಸಿ ಸಾಕ್ಷ್ಯ ಹೇಳಿದರು. ಬ್ರೌನ್ ತೀರ್ಪಿನ 11ನೇ ಅಡಿಟಿಪ್ಪಣಿಯಲ್ಲಿ ಅವರ ಬರಹದ ಉಲ್ಲೇಖವಿದೆ.

ಟೋನಿ ಮಾರಿಸನ್ ಹೊವಾರ್ಡ್‌ನಲ್ಲಿ ಏನು ಓದಿದರು?

ಇಂಗ್ಲಿಷ್ ಸಾಹಿತ್ಯ, ಜೊತೆಗೆ ಗ್ರೀಕ್-ಲ್ಯಾಟಿನ್ ಅಭಿಜಾತ ಸಾಹಿತ್ಯ, 1953ರಲ್ಲಿ ಪದವಿ. ದಾಖಲೆಗಳಲ್ಲಿ ಅವರ ಹೆಸರು ಕ್ಲೋಯಿ ವಾಫರ್ಡ್. ಕಾಲೇಜಿನ ನಾಟಕ ತಂಡದ ಜೊತೆ ದಕ್ಷಿಣ ರಾಜ್ಯಗಳನ್ನು ಸುತ್ತಿದರು. 1957ರಿಂದ 1964ರವರೆಗೆ ಅಲ್ಲೇ ಪಾಠ ಮಾಡಿದರು. ವಿದ್ಯಾರ್ಥಿಗಳಲ್ಲಿ ಒಬ್ಬ, ಮುಂದೆ ‘ಬ್ಲ್ಯಾಕ್ ಪವರ್’ ಘೋಷಣೆ ಎತ್ತಿದ ಸ್ಟೋಕ್ಲಿ ಕಾರ್ಮೈಕಲ್. ಆಗ ಕ್ಯಾಂಪಸ್ಸಿನಲ್ಲಿ ಲೇಖಕರ ಒಂದು ಪುಟ್ಟ ಗುಂಪು ಸೇರುತ್ತಿತ್ತು, ಏನಾದರೂ ಬರೆದು ತಂದು ಓದಬೇಕು. ಮಾರಿಸನ್ ಓದಿದ್ದು ನೀಲಿ ಕಣ್ಣು ಬೇಕೆಂದು ಹಂಬಲಿಸುವ ಕಪ್ಪು ಹುಡುಗಿಯ ಚಿಕ್ಕ ಕಥೆ. ಅದೇ ಬೆಳೆದು 1970ರಲ್ಲಿ ಅವರ ಮೊದಲ ಕಾದಂಬರಿಯಾಯಿತು. ಆ ಕಾದಂಬರಿಯಲ್ಲೂ ಒಂದು ಬಿಳಿ ಗೊಂಬೆ ಬರುತ್ತದೆ. ಎಲ್ಲರೂ ಚೆಂದ ಎನ್ನುವ ಅದರೊಳಗೆ ಅಂಥದ್ದೇನಿದೆ ಎಂದು ನೋಡಲು ಒಬ್ಬ ಹುಡುಗಿ ಅದನ್ನು ಬಿಚ್ಚಿ ಹಾಕುತ್ತಾಳೆ. ಕ್ಲಾರ್ಕ್ ದಂಪತಿಯ ಕೋಷ್ಟಕವನ್ನು ಓದಿ ಈ ಪುಟಗಳಿಗೆ ಬಂದರೆ ಎರಡೂ ಒಂದೇ ಗಾಯದ ಬಗ್ಗೆ ಮಾತಾಡುತ್ತಿವೆ ಎನ್ನಿಸುತ್ತದೆ. 1993ರಲ್ಲಿ ನೊಬೆಲ್ ಬಂತು, ಸಾಹಿತ್ಯದಲ್ಲಿ ಅದನ್ನು ಪಡೆದ ಮೊದಲ ಕಪ್ಪು ಮಹಿಳೆ.

ಬೇರೆ ಲೇಖಕರು?

ಜೋರಾ ನೀಲ್ ಹರ್ಸ್ಟನ್. 1920ರಲ್ಲಿ ಎರಡು ವರ್ಷದ ಅಸೋಸಿಯೇಟ್ ಪದವಿ ಪಡೆದರು, ಬಿ.ಎ. ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನದು. ಹೊವಾರ್ಡ್ ವಿದ್ಯಾರ್ಥಿಗಳ ಪತ್ರಿಕೆ ‘ದಿ ಹಿಲ್‌ಟಾಪ್’ ಅನ್ನು 1924ರಲ್ಲಿ ಶುರು ಮಾಡಿದ ಇಬ್ಬರಲ್ಲಿ ಒಬ್ಬರು. ಆ ಪತ್ರಿಕೆ ಇಂದಿಗೂ ಇದೆ.

ಕಮಲಾ ಹ್ಯಾರಿಸ್?

1986ರ ಪದವಿ, ವಿಷಯ ರಾಜ್ಯಶಾಸ್ತ್ರ ಮತ್ತು ಅರ್ಥಶಾಸ್ತ್ರ. ಕಾನೂನು ಪದವಿ ಕ್ಯಾಲಿಫೋರ್ನಿಯಾದ್ದು, ಹೊವಾರ್ಡ್‌ನದಲ್ಲ. ತಾಯಿ ಶ್ಯಾಮಲಾ ಗೋಪಾಲನ್ ತಮಿಳುನಾಡು ಮೂಲದವರು. 2021ರ ಜನವರಿ 20ರಂದು ಉಪಾಧ್ಯಕ್ಷೆಯಾಗಿ ಪ್ರಮಾಣ ವಚನ ಸ್ವೀಕರಿಸುವಾಗ ಬಳಸಿದ ಎರಡು ಬೈಬಲ್‌ಗಳಲ್ಲಿ ಒಂದು ಥರ್ಗುಡ್ ಮಾರ್ಷಲ್ ಅವರದಾಗಿತ್ತು. 2024ರ ನವೆಂಬರ್ 6ರಂದು ಸೋಲು ಒಪ್ಪಿಕೊಂಡು ಮಾತಾಡಿದ್ದೂ ಹೊವಾರ್ಡ್ ಅಂಗಳದಲ್ಲೇ.

ರಾಜಕೀಯದಲ್ಲಿ ಇನ್ಯಾರು?

ಎಡ್ವರ್ಡ್ ಬ್ರೂಕ್ (1941), ಜನರ ಮತದಿಂದ ಗೆದ್ದ ಮೊದಲ ಕಪ್ಪು ಸೆನೆಟರ್. ಡಗ್ಲಸ್ ವೈಲ್ಡರ್ (ಕಾನೂನು, 1959), ಚುನಾಯಿತರಾದ ಮೊದಲ ಕಪ್ಪು ಗವರ್ನರ್. ನ್ಯೂಯಾರ್ಕ್ ಮೇಯರ್ ಆಗಿದ್ದ ಡೇವಿಡ್ ಡಿಂಕಿನ್ಸ್ 1950ರಲ್ಲಿ ಗಣಿತದಲ್ಲಿ ಪದವಿ ಪಡೆದವರು. ಕಿಂಗ್ ಅವರ ಒಡನಾಡಿ, ಆಮೇಲೆ ವಿಶ್ವಸಂಸ್ಥೆಗೆ ರಾಯಭಾರಿಯಾದ ಆಂಡ್ರ್ಯೂ ಯಂಗ್ 1951ರವರು. ಸ್ಟೋಕ್ಲಿ ಕಾರ್ಮೈಕಲ್ ಟ್ರಿನಿಡಾಡ್‌ನಲ್ಲಿ ಹುಟ್ಟಿ, 1964ರಲ್ಲಿ ಇಲ್ಲಿ ತತ್ತ್ವಶಾಸ್ತ್ರ ಮುಗಿಸಿ, 1966ರಲ್ಲಿ ಮಿಸಿಸಿಪ್ಪಿಯ ಸಭೆಯೊಂದರಲ್ಲಿ ‘ಬ್ಲ್ಯಾಕ್ ಪವರ್’ ಘೋಷಣೆ ಎತ್ತಿದವರು. ಮುಂದೆ ಕ್ವಾಮೆ ಟೂರೆ ಎಂದು ಹೆಸರು ಬದಲಿಸಿಕೊಂಡು ಗಿನಿಯಲ್ಲಿ ನೆಲೆಸಿದರು.

ವೈದ್ಯರ ಹೆಸರುಗಳು ಯಾಕೆ ಕಡಿಮೆ ಕೇಳಿಬರುತ್ತವೆ?

ಕೆಲಸದಲ್ಲೇ ಮುಳುಗಿದ್ದರು, ಪತ್ರಿಕೆಯವರು ಹುಡುಕಿ ಹೋಗಲಿಲ್ಲ. ಕೊರತೆ ಇದ್ದದ್ದು ಸುದ್ದಿಯಲ್ಲಿ. 1910ರ ಫ್ಲೆಕ್ಸ್‌ನರ್ ವರದಿ ಕಪ್ಪು ಜನರ ಏಳು ವೈದ್ಯಕೀಯ ಕಾಲೇಜುಗಳಲ್ಲಿ ಹೊವಾರ್ಡ್ ಮತ್ತು ಮೆಹ್ಯಾರಿ ಎರಡೇ ಉಳಿಯಲಿ ಎಂದಿತು. ಹಾಗಾಗಿ ಮುಂದಿನ ಹಲವು ದಶಕ ದೇಶದ ಕಪ್ಪು ವೈದ್ಯರಲ್ಲಿ ಬಹುಪಾಲು ಈ ಎರಡರಿಂದಲೇ ಬಂದರು. ಲಸಾಲ್ ಲೆಫಾಲ್ (ಎಂ.ಡಿ. 1952) ಅಮೆರಿಕನ್ ಕ್ಯಾನ್ಸರ್ ಸೊಸೈಟಿಯ ಮೊದಲ ಕಪ್ಪು ಅಧ್ಯಕ್ಷರು. ಚಾರ್ಲ್ಸ್ ಡ್ರೂ ಅವರಿಂದ ಪಾಠ ಹೇಳಿಸಿಕೊಂಡ ಕೊನೆಯ ತಂಡಗಳಲ್ಲಿ ಇದ್ದವರು.

ನಟರು, ಗಾಯಕರು?

ಚಾಡ್ವಿಕ್ ಬೋಸ್‌ಮನ್ 2000ನೇ ಇಸವಿಯಲ್ಲಿ ನಿರ್ದೇಶನದಲ್ಲಿ ಪದವಿ ಪಡೆದರು. ಮುಂದೆ ತೆರೆಯ ಮೇಲೆ ಥರ್ಗುಡ್ ಮಾರ್ಷಲ್ ಪಾತ್ರವನ್ನೂ ಮಾಡಿದರು. 2021ರಿಂದ ಅಲ್ಲಿನ ಲಲಿತಕಲಾ ಕಾಲೇಜಿಗೆ ಅವರದೇ ಹೆಸರು. ಫಿಲಿಶಿಯಾ ರಶಾದ್, ಡೆಬಿ ಆಲೆನ್ ಅಕ್ಕತಂಗಿಯರು. ಟರಾಜಿ ಹೆನ್ಸನ್. ಗಾಯಕಿ ರಾಬರ್ಟಾ ಫ್ಲ್ಯಾಕ್, ಆಪೆರಾದ ಜೆಸ್ಸಿ ನಾರ್ಮನ್ ಇಲ್ಲೇ ಸಂಗೀತ ಕಲಿತವರು.

ಒಂದು ಹೆಸರು ಸರಿಯೇ ಎಂದು ಪರಿಶೀಲಿಸುವುದು ಹೇಗೆ?

ಓದುವಾಗ ಇದ್ದ ಹೆಸರನ್ನು ಮೊದಲು ಪತ್ತೆ ಮಾಡಿ. ಮದುವೆ, ಮತಾಂತರ, ಕಾವ್ಯನಾಮಗಳಿಂದ ಹೆಸರು ಬದಲಾಗಿರುತ್ತದೆ. ‘ಟೋನಿ ಮಾರಿಸನ್’ ಎಂದು ಹುಡುಕಿದರೆ 1953ರ ವಾರ್ಷಿಕ ಸಂಚಿಕೆಯಲ್ಲಿ ಏನೂ ಸಿಗದು. ಆಮೇಲೆ ಯಾವ ಕಾಲೇಜು, ಯಾವ ಪದವಿ ಎಂಬುದು. ಮಾರ್ಷಲ್ ಬಿ.ಎ. ಮಾಡಿದ್ದು ಲಿಂಕನ್‌ನಲ್ಲಿ, ವೈಲ್ಡರ್ ವರ್ಜೀನಿಯಾ ಯೂನಿಯನ್‌ನಲ್ಲಿ. ಎರಡೂ ಸಂಸ್ಥೆಗಳು ಅವರನ್ನು ತಮ್ಮವರೆಂದು ಹೇಳಿಕೊಳ್ಳುತ್ತವೆ, ಎರಡೂ ಸರಿ.

ವರ್ಷಕ್ಕೆ ಆಧಾರ ಬೇಕಿದ್ದರೆ ವಿದ್ಯಾರ್ಥಿಗಳ ವಾರ್ಷಿಕ ಸಂಚಿಕೆ ‘ದಿ ಬೈಸನ್’, ಹಳೆಯ ಕ್ಯಾಟಲಾಗ್‌ಗಳು, ‘ದಿ ಹಿಲ್‌ಟಾಪ್’ ಸಂಚಿಕೆಗಳನ್ನು ನೋಡಿ. ವಿಶ್ವವಿದ್ಯಾಲಯದ ಡಿಜಿಟಲ್ ಭಂಡಾರದಲ್ಲಿ ಇವು ಸಾಕಷ್ಟು ಇವೆ. ಸಂಸತ್ ಸದಸ್ಯರಾಗಿದ್ದರೆ ಅಮೆರಿಕ ಸಂಸತ್ತಿನದೇ ಜೀವನ ಪರಿಚಯ ಕೋಶ, ಫೆಡರಲ್ ನ್ಯಾಯಾಧೀಶರಾಗಿದ್ದರೆ ಫೆಡರಲ್ ಜುಡಿಷಿಯಲ್ ಸೆಂಟರ್‌ನ ಪಟ್ಟಿ ನೋಡಿ. ಎರಡರಲ್ಲೂ ಪದವಿ, ವರ್ಷ ನಮೂದಾಗಿರುತ್ತವೆ. ಒಂದು ಅಂತರ್ಜಾಲ ಪಟ್ಟಿಯನ್ನು ಇನ್ನೊಂದು ಪಟ್ಟಿಯಿಂದ ತಾಳೆ ನೋಡುವುದು ಪರಿಶೀಲನೆಯಲ್ಲ. ಎರಡೂ ಒಂದೇ ಮೂಲದಿಂದ ನಕಲಾದವು ಆಗಿರಬಹುದು.

ಕನ್ನಡದಲ್ಲಿ ಬರೆಯುವಾಗ ಯಾವ ಪದ ಬಳಸಬೇಕು?

‘ಕಪ್ಪು ಜನರು’, ‘ಕಪ್ಪು ಅಮೆರಿಕನ್ನರು’, ‘ಆಫ್ರಿಕನ್ ಅಮೆರಿಕನ್ನರು’ ಇವು ಸರಿಯಾದವು. ‘ಕರಿಯ’ ಎಂಬುದು ನಮ್ಮಲ್ಲಿ ಮಕ್ಕಳನ್ನು ಹಂಗಿಸಲು ಬಳಸುವ ಮಾತು, ಆದ್ದರಿಂದ ಬೇಡ. ‘ನೀಗ್ರೊ’ ಪದವನ್ನು ಹಳೆಯ ಸಂಸ್ಥೆಯ ಹೆಸರು, ಪ್ರಬಂಧದ ಶೀರ್ಷಿಕೆಗಳಲ್ಲಿ ಇದ್ದಂತೆಯೇ ಉಳಿಸಿ, ನಿಮ್ಮ ವಾಕ್ಯದಲ್ಲಿ ಬಳಸಬೇಡಿ. ಶಾಲೆ, ಬಸ್ಸುಗಳಲ್ಲಿ ಜನರನ್ನು ಬೇರೆಯಿಡುವುದಕ್ಕೆ ‘ವರ್ಣ ಪ್ರತ್ಯೇಕತೆ’ ಎನ್ನಿ. ‘ವರ್ಣಭೇದ ನೀತಿ’ ಎಂದರೆ ಓದುಗರಿಗೆ ದಕ್ಷಿಣ ಆಫ್ರಿಕಾ ನೆನಪಾಗುತ್ತದೆ.

ಹೊವಾರ್ಡ್‌ಗೂ ಕರ್ನಾಟಕಕ್ಕೂ ಏನಾದರೂ ನಂಟಿದೆಯೇ?

ಇದೆ, ಆದರೆ ಅದು ಹಳೆಯ ವಿದ್ಯಾರ್ಥಿಯ ಮೂಲಕ ಬಂದದ್ದಲ್ಲ, ಅಧ್ಯಾಪಕರ ಮೂಲಕ. 1937ರ ಜನವರಿಯಲ್ಲಿ ಮೈಸೂರಿನಲ್ಲಿ ವೈ.ಎಂ.ಸಿ.ಎ. ವಿಶ್ವ ಸಮ್ಮೇಳನ ನಡೆಯಿತು. ಹೊವಾರ್ಡ್‌ನ ಧರ್ಮಶಾಸ್ತ್ರ ಕಾಲೇಜಿನ ಡೀನ್ ಬೆಂಜಮಿನ್ ಮೇಸ್ ಅದಕ್ಕೆ ಪ್ರತಿನಿಧಿಯಾಗಿ ಬಂದಿದ್ದರು. ಅದೇ ಪ್ರವಾಸದಲ್ಲಿ ವಾರ್ಧಾದಲ್ಲಿ ಗಾಂಧೀಜಿಯನ್ನು ಕಂಡು ಅಹಿಂಸೆಯ ಬಗ್ಗೆ ಉದ್ದಕ್ಕೆ ಮಾತಾಡಿದರು. ಅದಕ್ಕೂ ಒಂದು ವರ್ಷ ಮೊದಲು ಹೊವಾರ್ಡ್‌ನ ಇನ್ನೊಬ್ಬ ಅಧ್ಯಾಪಕ ಹೊವಾರ್ಡ್ ಥರ್ಮನ್ ಗಾಂಧೀಜಿಯನ್ನು ಬಾರ್ಡೋಲಿಯಲ್ಲಿ ಭೇಟಿಯಾಗಿದ್ದರು. (ಥರ್ಮನ್ ಅವರ ‘ಹೊವಾರ್ಡ್’ ಬರೀ ಹೆಸರು, ವಿಶ್ವವಿದ್ಯಾಲಯದಿಂದ ಬಂದದ್ದಲ್ಲ.)

ಮೈಸೂರಿನಲ್ಲಿದ್ದಾಗ ಅಸ್ಪೃಶ್ಯ ಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯರೊಬ್ಬರು ಮೇಸ್ ಅವರನ್ನು ಊಟಕ್ಕೂ ಮಕ್ಕಳಿಗೆ ನಾಲ್ಕು ಮಾತು ಹೇಳುವುದಕ್ಕೂ ಕರೆದರು. ಪರಿಚಯಿಸುವಾಗ, ಇವರೂ ಅಮೆರಿಕದಲ್ಲಿ ಅಸ್ಪೃಶ್ಯರೇ, ಆದರೂ ದೊಡ್ಡ ಸ್ಥಾನಕ್ಕೆ ಏರಿದವರು ಎಂದರು. ಆ ಮಾತಿಗೆ ತಾನು ಮೊದಲು ಬೆಚ್ಚಿದ್ದನ್ನೂ ಸಿಟ್ಟಾದದ್ದನ್ನೂ, ಆಮೇಲೆ ಯೋಚಿಸಿದಂತೆ ಮುಖ್ಯೋಪಾಧ್ಯಾಯರು ಹೇಳಿದ್ದು ಸರಿ ಅನ್ನಿಸಿದ್ದನ್ನೂ ಮೇಸ್ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. 1940ರಲ್ಲಿ ಅವರು ಮೋರ್‌ಹೌಸ್ ಕಾಲೇಜಿನ ಅಧ್ಯಕ್ಷರಾಗಿ ಹೋದರು. ನಾಲ್ಕು ವರ್ಷದ ಮೇಲೆ ಹದಿನೈದು ವಯಸ್ಸಿನ ಮಾರ್ಟಿನ್ ಲೂಥರ್ ಕಿಂಗ್ ಆ ಕಾಲೇಜಿಗೆ ಸೇರಿ, ಪ್ರಾರ್ಥನಾ ಮಂದಿರದಲ್ಲಿ ಮೇಸ್ ಮಾತಾಡುವುದನ್ನು ಕೇಳಿಸಿಕೊಳ್ಳತೊಡಗಿದ.